ಕೃಷ್ಣಾಜಿ ಮಾಸ್ತರರ ನಾಲ್ಕನೆಯ ಸಾಲು

ಬಿಳಿಕೊಳ್ಳದ ಕೃಷ್ಣಾಜಿ ಮಾಸ್ತರರು ಆಯುಷ್ಯದಲ್ಲಿ ಎರಡೇ ತರಹದ ಬರಹ ಬರೆದವರು. ಒಂದು ಮಹಾಕಾವ್ಯ, ಇನ್ನೊಂದು ಅರ್ಜಿ. ಮಹಾಕಾವ್ಯ ಮುಗಿಯಲಿಲ್ಲ, ಅರ್ಜಿ ನಿಲ್ಲಲಿಲ್ಲ. ಇವೆರಡರ ನಡುವೆ ಅವರ ಕೈಯಿಂದ ನಾಲ್ಕೇ ನಾಲ್ಕು ಸಾಲಿನ ಒಂದು ಮಕ್ಕಳ ಕವಿತೆಯೂ ಆಯಿತು. ಅದರಲ್ಲಿ ಮೂರು ಸಾಲು ಬರೆಯಲು ಅವರಿಗೆ ಹಿಡಿದದ್ದು ಅರ್ಧ ತಾಸು. ನಾಲ್ಕನೆಯದಕ್ಕೆ ಹಿಡಿದ ಕಾಲ ಮತ್ತು ಪಟ್ಟ ಪಾಡು ಹೇಳಬೇಕೆಂದೇ ನಾನು ಕುಳಿತಿದ್ದೇನೆ.

ಬೈಲಹೊಂಗಲದಿಂದ ಯರಗಟ್ಟಿಗೆ ಹೋಗುವ ದಾರಿ ಒಂದು ಕಡೆ ಮೊಣಕೈ ಮಡಚಿದಂತೆ ತಿರುಗುತ್ತದೆ. ಆ ತಿರುವಿನಲ್ಲಿ ಶಾಲೆ, ಶಾಲೆಯ ಹಿಂದೆ ಬಿಳಿಕೊಳ್ಳ. ಇಬ್ಬರು ಮಾಸ್ತರರ ಶಾಲೆ ಅದು. ಇನ್ನೊಬ್ಬರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು, ಕೃಷ್ಣಾಜಿ ಕುಲಕರ್ಣಿಯವರು ಮಾತ್ರ ನೆಟ್ಟ ಕಂಬ. ಅವರ ಅಜ್ಜ ಸವದತ್ತಿ ಸೀಮೆಗೆಲ್ಲ ಹೆಸರಾದ ಪುರಾಣಿಕರು. ಅಜ್ಜನ ವಿದ್ಯೆಯಲ್ಲಿ ಮೊಮ್ಮಗನ ಪಾಲಿಗೆ ಬಂದದ್ದು ಛಂದಸ್ಸು ಒಂದೇ. ಕಾಯಿಪಲ್ಲೆ ಮಾರುವವಳು ಬೀದಿಯಲ್ಲಿ ಕೂಗಿದರೂ ಇವರ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಮಾತ್ರೆ ಎಣಿಸುತ್ತ ಓಡುತ್ತಿತ್ತು. ಮಲಪ್ರಭಾ ನದಿಯ ಮೇಲೆ ಭಾಮಿನಿ ಷಟ್ಪದಿಯಲ್ಲಿ ಕಾವ್ಯ ಬರೆಯಲು ಮದುವೆಗೆ ಮೊದಲೇ ಹಿಡಿದಿದ್ದರು. ಅತ್ತ ನವಿಲುತೀರ್ಥದಲ್ಲಿ ಹೊಳೆಗೆ ಆಣೆಕಟ್ಟು ಕಟ್ಟಿ, ಕಾಲುವೆಗೆ ನೀರು ಬಿಟ್ಟು, ಆ ನೀರಿನಲ್ಲಿ ಎಷ್ಟೋ ಬೆಳೆ ಬಂದು ಹೋಗಿದ್ದವು. ಮಾಸ್ತರರ ಹೊಳೆ ಇನ್ನೂ ಖಾನಾಪುರದ ಅಡವಿ ಬಿಟ್ಟು ಹೊರಗೆ ಬಂದಿರಲಿಲ್ಲ.

ಊರಿನವರಿಗೆ ಕಾವ್ಯದ ಗೊಡವೆ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಅರ್ಜಿ. ಬೋರಿಂಗ್ ಕೆಟ್ಟರೆ, ಲೈಟಿನ ಕಂಬ ಬಾಗಿದರೆ, ರೇಶನ್ ಕಾರ್ಡಿನಲ್ಲಿ ಸೊಸೆಯ ಹೆಸರು ಬಿಟ್ಟು ಹೋಗಿದ್ದರೆ ಎಲ್ಲರೂ ಕೃಷ್ಣಾಜಿ ಮಾಸ್ತರರ ಕಟ್ಟೆಗೆ ಬರುವವರೇ. ಅವರ ಅರ್ಜಿ ‘ತಮ್ಮ ಸನ್ನಿಧಾನದಲ್ಲಿ ಸವಿನಯ ವಿಜ್ಞಾಪನೆ’ ಎಂದು ಶುರುವಾಗಿ, ನಾಲ್ಕು ಪುಟ ಹರಿದು, ‘ಮುಂದಿನ ಅನಾಹುತಕ್ಕೆ ತಾವೇ ಹೊಣೆಗಾರರು’ ಎಂದು ಮುಗಿಯುತ್ತಿತ್ತು. ಮೊದಲ ಸಾಲಿಗೆ ಸಾಹೇಬರು ಹಿಗ್ಗಬೇಕು, ಕೊನೆಯ ಸಾಲಿಗೆ ಕುಗ್ಗಬೇಕು. ಮಾಸ್ತರರ ಅರ್ಜಿ ಬಂತೆಂದರೆ ಸವದತ್ತಿಯ ಕಚೇರಿಗಳಲ್ಲಿ ಗುಮಾಸ್ತರು ಮೊದಲು ಕೊನೆಯ ಪುಟ ತಿರುವಿ ನೋಡುತ್ತಿದ್ದರಂತೆ. ಕೆಲಸಗಳೂ ಆಗುತ್ತಿದ್ದವು.

ಇಷ್ಟು ಉಪಕಾರ ಮಾಡಿದ ಮನುಷ್ಯನಿಗೆ ಊರ ತುಂಬ ಗೆಳೆಯರಿರಬೇಕೆಂದು ನೀವು ತಿಳಿದರೆ ಅದು ನಿಮ್ಮ ತಪ್ಪು. ಅರ್ಜಿ ಬರೆಸಿಕೊಂಡವರು ಬರೆದವರಿಂದ ಎರಡು ಮಾರು ದೂರವೇ ಕೂಡುತ್ತಾರೆ. ನಾಳೆ ನಮ್ಮ ಮೇಲೂ ಬರೆದಾರು ಎಂಬ ಅಂಜಿಕೆ. ಮಾಸ್ತರರು ಬಂದರೆ ಚಹಾದ ಅಂಗಡಿಯಲ್ಲಿ ಮಂದಿ ಎದ್ದು ನಿಲ್ಲುತ್ತಿದ್ದರು. ಎದ್ದು ನಿಂತವರು ಮಾತು ನಿಲ್ಲಿಸುತ್ತಿದ್ದರು. ಅವರ ಹೆಂಡತಿ ರಾಧಾಬಾಯಿಯವರು ಒಮ್ಮೆ ಅಕ್ಕಿ ಆರಿಸುತ್ತ ಅಂದೇಬಿಟ್ಟರು:

“ಈ ಊರಾಗ ನಿಮಗ ಕೈ ಮುಗಿಯೋ ಮಂದಿ ಭಾಳ ಇದ್ದಾರ. ಹೆಗಲ ಮ್ಯಾಲೆ ಕೈ ಹಾಕೋರು ಒಬ್ಬರನ್ನ ತೋರಸ್ರಿ ನೋಡೋಣ.”

“ಹೆಗಲ ಮ್ಯಾಲೆ ಕೈ ಹಾಕಿದ್ರ ಅಂಗಿ ಮಾಸ್ತದ,” ಅಂದರು ಮಾಸ್ತರರು. ಹೆಂಡತಿಯ ಮುಂದೆ ಗೆದ್ದೆನೆಂದು ಅವರಿಗೆ ಅನಿಸಿತು. ಗೆದ್ದದ್ದೇನು ಎಂದು ಮಾತ್ರ ತಿಳಿಯಲಿಲ್ಲ.

ಈಗ ಹಾರ್ನಿನ ಸಂಗತಿ. ಹನ್ನೊಂದು ಗಂಟೆಗೆ ಬೈಲಹೊಂಗಲದ ಕಡೆಯಿಂದ ಒಂದು ಕೆಂಪು ಬಸ್ಸು ಬರುತ್ತಿತ್ತು. ಹಳ್ಳದ ದಿಬ್ಬ ಏರುವಾಗ ಡ್ರೈವರ್ ಹಾರ್ನಿನ ಮೇಲೆ ಇಟ್ಟ ಕೈಯನ್ನು ತಿರುವು ದಾಟಿದ ಮೇಲೆಯೇ ತೆಗೆಯುತ್ತಿದ್ದ. ಊರಿಗೆ ಅದೇ ಗಡಿಯಾರ. ಹೊಲದಲ್ಲಿದ್ದವರು ಕುಡಗೋಲು ಇಟ್ಟು, ಒಲೆಯ ಮುಂದಿದ್ದವರು ಕೈ ಒರೆಸಿಕೊಂಡು ಓಡಿ ಬಂದು ಬಸ್ಸು ಹಿಡಿಯುತ್ತಿದ್ದರು. ಆದರೆ ಹನ್ನೊಂದು ಗಂಟೆಗೆ ಕೃಷ್ಣಾಜಿ ಮಾಸ್ತರರ ಪದ್ಯದ ತಾಸು. ಷಟ್ಪದಿಯ ಮೂರನೆಯ ಸಾಲಿಗೆ ಉಸಿರು ಎಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಪೋಂ ಎಂದು ಶುರುವಾಗುತ್ತಿತ್ತು. ಮಕ್ಕಳು ಪದ್ಯ ಬಿಟ್ಟು ಕಿಟಕಿಗೆ ಹೋಗಿ ಬಸ್ಸಿಗೆ ಕೈ ಬೀಸುತ್ತಿದ್ದರು. ೧೯೯೫ರ ಶ್ರಾವಣದಲ್ಲಿ ಮಾಸ್ತರರಿಗೆ ಸಾಕುಸಾಕಾಯಿತು. ಡಿಪೋಕ್ಕೆ ಒಂದು ಅರ್ಜಿ ಬರೆದರು. ನಾಲ್ಕು ಪುಟ. ಡ್ರೈವರನ ಹೆಸರು ಗೊತ್ತಿರಲಿಲ್ಲ, ‘ಹನ್ನೊಂದು ಗಂಟೆಯ ಬಸ್ಸಿನ ಚಾಲಕ ಮಹಾಶಯ’ ಎಂದು ಬರೆದರು.

ಹದಿನೈದು ದಿನಕ್ಕೆ ಹಾರ್ನ್ ನಿಂತಿತು. ಬಸ್ಸು ಕಳ್ಳನ ಹಾಗೆ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗತೊಡಗಿತು. ಮಾಸ್ತರರು ಷಟ್ಪದಿಯ ಮೂರನೆಯ ಸಾಲನ್ನು ನಿರಾತಂಕವಾಗಿ ಎಳೆದರು. ಮಕ್ಕಳು ತೂಕಡಿಸಿದರು.

ಇತ್ತ ಬದನೆಕಾಯಿ ಮಾರುವ ರಾಮವ್ವನಿಗೆ ಮೂರು ಸಂತೆ ತಪ್ಪಿದವು. ಬುಟ್ಟಿ ಹೊತ್ತುಕೊಂಡೇ ಮಾಸ್ತರರ ಕಟ್ಟೆಗೆ ಬಂದಳು.

“ಗುರುಗಳ, ಆ ಡ್ರೈವರಗ ಏನ ಬಂತೋ ಏನೋ, ಹಾರನ್ನಾ ಹೊಡ್ಯಾಂಗಿಲ್ಲ. ಸುಮ್ಮ ಹೊಂಟ ಹೊಕ್ಕಾನ. ಅವನ ಮ್ಯಾಲ ಒಂದ ಅರ್ಜಿ ಬರದ ಬಿಡ್ರಿ, ಬುದ್ಧಿ ಬರಲಿ.”

ಹುಟ್ಟಿದ ಮೇಲೆ ಮೊದಲ ಸಲ ಕೃಷ್ಣಾಜಿ ಮಾಸ್ತರರು ಒಂದು ಅರ್ಜಿಗೆ ಹಿಂಜರಿದರು. ಕಾಗದ ತೀರಿದೆ ಅಂದರು. ಮುಂದಿನ ಸಂತೆಗೆ ಶಾಯಿ ಒಣಗಿತು. ಆಮೇಲೆ ಕಣ್ಣು ನೋವು ಬಂತು. ಎರಡು ವರ್ಷ ಹೀಗೆಯೇ ಹೋಯಿತು. ರಾಮವ್ವ ಕೇಳುವುದು ಬಿಡಲಿಲ್ಲ, ಮಾಸ್ತರರ ಬೇನೆಗಳೂ ತೀರಲಿಲ್ಲ. ತಾನು ಮಾಡಿದ್ದು ಇಂಥದ್ದು ಎಂದು ಹೇಳಿಬಿಡಲು ಅವರಿಗೆ ಬಾಯಿ ಬರಲಿಲ್ಲ. ಇದ್ದದ್ದು ಆ ಒಂದು ಮರ್ಯಾದೆ, ಅದೂ ಹೋದರೆ ಕಟ್ಟೆಯ ಮೇಲೆ ಯಾರು ಬರುತ್ತಾರೆ?

೧೯೯೭ರಲ್ಲಿ ಬೈಲಹೊಂಗಲದಲ್ಲಿ ಮಾಸ್ತರರಿಗೆಲ್ಲ ಮೂರು ದಿನದ ತರಬೇತಿ ನಡೆಯಿತು. ಕಲಿಸಲು ಧಾರವಾಡದಿಂದ ಬಂದವರು ಸುಚೇತಾ ಎಂಬ ಎಳೆಯ ವಯಸ್ಸಿನ ಮೇಡಂ. ಎರಡನೆಯ, ಮೂರನೆಯ ಇಯತ್ತೆಯ ಮಕ್ಕಳಿಂದ ಗೆಳೆತನದ ಮೇಲೆ ಸರಳ ಕವಿತೆ ಬರೆಸಬೇಕು ಅಂದರು. ಪ್ರಾಸ ಬೇಡ, ಮಾತ್ರೆ ಬೇಡ, ಪುಸ್ತಕದ ಭಾಷೆಯೂ ಬೇಡ. ನಾಲ್ಕು ಸಾಲು ಸಾಕು. ಮೊದಲನೆಯದರಲ್ಲಿ ಗೆಳೆಯನ ಹೆಸರು. ಎರಡು, ಮೂರರಲ್ಲಿ ಅವನು ಏನು ಮಾಡುತ್ತಾನೆ. ನಾಲ್ಕರಲ್ಲಿ ನಾನು ಅವನಿಗೆ ಏನು ಮಾಡುತ್ತೇನೆ.

“ಮೊದಲು ಗುರುಗಳು ತಾವು ಬರೆದು ತೋರಿಸ್ಬೇಕು,” ಅಂದರು ಮೇಡಂ. “ಪ್ರತಿ ಶಾಲೆಯ ಕವಿತೆಗಳದ್ದು ಒಂದು ಪುಸ್ತಕ ಆಗ್ಬೇಕು. ಮೊದಲನೇ ಪುಟದಾಗ ಗುರುಗಳ ಕವಿತೆ. ನಾನು ದೀಪಾವಳಿ ಆದಮೇಲೆ ಬಂದು ನೋಡ್ತೇನಿ.”

ಮಾತ್ರೆ ಬೇಡ ಎಂಬ ಮಾತು ಕೇಳಿ ಕೃಷ್ಣಾಜಿ ಮಾಸ್ತರರ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಮಡಚಿಕೊಂಡಿತು. ಅಜ್ಜ ಕೇಳಿದ್ದರೆ ಸ್ನಾನ ಮಾಡುತ್ತಿದ್ದರು. ಆದರೆ ಸರಕಾರದ ಹುಕುಂ.

ಮರುದಿನ ತರಗತಿಯಲ್ಲಿ ಅವರು ಒಂದು ಕಡೆಯ ಪ್ರಯತ್ನ ಮಾಡಿ ನೋಡಿದರು. ಹಲಗೆಯ ಮೇಲೆ ‘ಮಿತ್ರನೆಂಬ ಪವಿತ್ರ ಶಬ್ದದ’ ಎಂದು ಬರೆದರು. ಹದಿನಾಲ್ಕು ಮಾತ್ರೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಕ್ಕಳು ಹಲಗೆ ನೋಡಿದರು, ಕಿಟಕಿ ನೋಡಿದರು. ಮಾಸ್ತರರು ಒರೆಸಿ, ಮೇಡಂ ಹೇಳಿದ ಹಾಗೆ ಹೇಳಿದರು. ಅಷ್ಟೇ ತಡ, ಮೂವತ್ತು ಪಾಟಿಗಳ ಮೇಲೆ ಬಳಪ ಕಿರುಗುಟ್ಟಿದವು. ಎರಡನೆಯ ಇಯತ್ತೆಯ ಸಿಮ್ರನ ಎಂಬ ಹುಡುಗಿ ಮೊದಲು ಎದ್ದು ಓದಿದಳು. ಅವಳ ಗೆಳತಿಯ ಹೆಸರು ಮುದಕವ್ವ, ವಯಸ್ಸು ಏಳು.

ನನ್ನ ಗೆಳತಿ ಮುದಕವ್ವ
ನನಗ ಪೇರಲ ಕೊಡತಾಳ
ಬೀಜ ದೂರ ಉಗಳಾಕ ಕಲಸತಾಳ
ನಾನು ಅಕಿ ಪಾಟಿ ಒರಸತೇನಿ

ಆಮೇಲೆ ಅಮೋಘಸಿದ್ದಪ್ಪ ಎದ್ದ. ಹೆಸರು ಇಷ್ಟುದ್ದ, ಹುಡುಗ ಗೇಣುದ್ದ. ಯಾರಾದರೂ ಅವನ ಮೇಲೆ ಕವಿತೆ ಬರೆದಿದ್ದರೆ ಮೊದಲ ಸಾಲಿಗೆ ಪಾಟಿ ಸಾಲುತ್ತಿರಲಿಲ್ಲ.

ನನ್ನ ಗೆಳ್ಯಾ ನಮ್ಮ ಟಗರ
ಎಲ್ಲಾರಿಗೂ ಹಾಯತೈತಿ
ನನಗ ಹಾಯಂಗಿಲ್ಲ
ನಾನು ಅದಕ್ಕ ಹಾಯತೇನಿ

ತರಗತಿ ಬಿದ್ದು ಬಿದ್ದು ನಕ್ಕಿತು. ಮಾಸ್ತರರಿಗೆ ನಗು ಬರಲಿಲ್ಲ, ಹೊಟ್ಟೆಕಿಚ್ಚು ಬಂತು. ಖರೆ ಹೇಳಬೇಕೆಂದರೆ ಅದು ಹೊಟ್ಟೆಕಿಚ್ಚೇ. ಮೂವತ್ತು ವರ್ಷ ಬರೆದ ಕಾವ್ಯದಲ್ಲಿ ಯಾರೂ ಯಾರಿಗೂ ಒಮ್ಮೆಯೂ ಹಾಯ್ದಿರಲಿಲ್ಲ.

ಆಗ ಸಿಮ್ರನ ಕೇಳಿದಳು: “ಗುರುಗಳ್ರೀ, ನೀವೂ ಬರೀರಿ. ನಿಮ್ಮ ಗೆಳ್ಯಾ ಯಾರ್ರಿ?”

ಮಾಸ್ತರರು ಖಡು ಹಿಡಿದು ಹಲಗೆಯ ಕಡೆ ತಿರುಗಿದರು. ‘ನನ್ನ ಗೆಳೆಯ’ ಎಂದು ಬರೆದರು. ಮುಂದೆ ಕೈ ಓಡಲಿಲ್ಲ. ಊರಿನ ಒಂದೊಂದೇ ಮನೆ ಕಣ್ಣ ಮುಂದೆ ಬಂತು, ಪ್ರತಿ ಮನೆಯ ಬಾಗಿಲಿಗೂ ಒಂದೊಂದು ಅರ್ಜಿ ಅಂಟಿಕೊಂಡಿತ್ತು. ಬೆನ್ನ ಹಿಂದೆ ಮೂವತ್ತು ಮಕ್ಕಳು ಕಾಯುತ್ತಿದ್ದರು. ಅಷ್ಟರಲ್ಲಿ ಹನ್ನೊಂದರ ಬಸ್ಸು ಸದ್ದಿಲ್ಲದೆ ತಿರುವಿಗೆ ಬಂತು. ಡ್ರೈವರ್ ಶಾಲೆಯ ಕಡೆ ನೋಡಿ ಕೈ ಎತ್ತಿದ. ಅದು ಮಕ್ಕಳಿಗೆ ಎತ್ತಿದ ಕೈ. ಮುಳುಗುವವನಿಗೆ ಹುಲ್ಲುಕಡ್ಡಿ ಸಾಕು ಅನ್ನುತ್ತಾರೆ.

“ಅವಾ,” ಅಂದರು ಮಾಸ್ತರರು. “ಆ ಡ್ರೈವರು. ಅವಾ ನನ್ನ ಗೆಳೆಯ.”

“ಫಕ್ರು ಕಾಕಾ!” ಎಂದು ಕೂಗಿತು ಇಡೀ ತರಗತಿ. ಮಾಸ್ತರರಿಗೆ ತಮ್ಮ ಗೆಳೆಯನ ಹೆಸರು ಗೊತ್ತಾದದ್ದು ಹೀಗೆ. ಬೈಲಹೊಂಗಲದ ಫಕ್ರುಸಾಬ, ಮನೆಯಲ್ಲಿ ಜುಬೇದಾಬಿ ಎಂಬ ಹೆಂಡತಿ, ಬಸ್ಸಿನ ಗಾಜಿನ ಮೇಲೆ ಬಾಡಿದ ಮಲ್ಲಿಗೆಯ ಸರ, ಎಲ್ಲ ವಿವರ ಮಕ್ಕಳ ಬಾಯಲ್ಲಿ ಇತ್ತು. ಮಾಸ್ತರರು ಬರೆದರು:

ನನ್ನ ಗೆಳೆಯ ಫಕ್ರುಸಾಬ
ದಿನಾ ಬಸ್ಸು ತರತಾನ
ಸಾಲಿ ಕಂಡರ ಕೈ ಎತ್ತತಾನ
ನಾನು ಅವಗ

ಅಲ್ಲಿಗೆ ನಿಂತಿತು. ನಾನು ಅವನಿಗೆ ಏನು ಮಾಡುತ್ತೇನೆ? ಮಾಡಿದ್ದು ಒಂದೇ ಒಂದು. ಅದು ನಾಲ್ಕು ಪುಟ ಇತ್ತು.

“ಮುಂದಿಂದು ನಾಳೆ,” ಅಂದರು. ನಾಳೆ ಬಂತು, ಮಕ್ಕಳು ಕೇಳಿದರು, ಅದು ನಾಡಿದ್ದಿಗೆ ಹೋಯಿತು. ಹಲಗೆಯ ಮೂಲೆಯಲ್ಲಿ ಮೂರು ಸಾಲು ಮತ್ತು ಎರಡು ಶಬ್ದ ಹಾಗೆಯೇ ಉಳಿದವು. ಒಂದು ಅಕ್ಷರ ಅಳಿಸಲೂ ಮಕ್ಕಳು ಬಿಡಲಿಲ್ಲ. ಮನೆಯಲ್ಲಿ ಸಂಗತಿ ಕೇಳಿ ರಾಧಾಬಾಯಿಯವರು ಸೆರಗು ಬಾಯಿಗೆ ಹಿಡಿದು ನಕ್ಕರು.

“ಗೆಳೆಯಾ ಸಿಕ್ಕಾ ಅಂದಂಗಾತು. ಅವಗ ಗೊತ್ತದನೋ ಇಲ್ಲೋ?”

ಅವನಿಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ದೊಡ್ಡವರಾದರೆ ಇಂಥದ್ದನ್ನು ಕಂಡೂ ಕಾಣದಂತೆ ಇರುತ್ತಾರೆ, ಮಕ್ಕಳಿಗೆ ಆ ವಿದ್ಯೆ ಬರುವುದಿಲ್ಲ. ಗುರುಗಳಿಗೆ ನಾಲ್ಕನೆಯ ಸಾಲು ನೆನಪಾಗುತ್ತಿಲ್ಲ, ಗೆಳೆಯನನ್ನೇ ಕೇಳಿದರಾಯಿತು ಎಂದು ಅವು ತೀರ್ಮಾನ ಮಾಡಿದವು. ಒಂದು ಗುರುವಾರ ನೀರು ಕುಡಿಯುವ ನೆವದಲ್ಲಿ ಹೊರಗೆ ಹೋದ ಸಿಮ್ರನ, ಮುದಕವ್ವ ಮತ್ತು ಅಮೋಘಸಿದ್ದಪ್ಪ ರಸ್ತೆಯ ಅಂಚಿಗೆ ನಿಂತು ಪಾಟಿ ಎತ್ತಿ ಹಿಡಿದು ಬಸ್ಸು ನಿಲ್ಲಿಸಿದರು. ಪಾಟಿಯ ಮೇಲೆ ಗುರುಗಳ ಕವಿತೆ.

ಹೊರಗೆ ಬ್ರೇಕಿನ ಸದ್ದು ಕೇಳಿ ಮಾಸ್ತರರು ಬಾಗಿಲಿಗೆ ಬಂದರು. ಖಾಕಿ ಅಂಗಿಯ, ನೆರೆತ ಗಡ್ಡದ ದಪ್ಪನೆಯ ಮನುಷ್ಯನೊಬ್ಬ ಮೂರು ಮಕ್ಕಳನ್ನು ಮುಂದೆ ಮಾಡಿಕೊಂಡು ಅಂಗಳಕ್ಕೆ ಬರುತ್ತಿದ್ದ.

“ಕೃಷ್ಣಾಜಿ ಗುರುಗಳು ಅಂದ್ರ ನೀವ ಏನ್ರಿ?” ಎಂದು ಕೇಳಿದ ಫಕ್ರುಸಾಬ.

“ಹೌದು.”

“ಈ ಹೆಸರಿನ ಮನಷ್ಯಾನ್ನ ಒಮ್ಮೆ ಕಣ್ಣಿಲೆ ನೋಡಬೇಕಂತ ಎರಡ ವರ್ಷ ಆತ್ರಿ ನಾ ಕಾಯಾಕ ಹತ್ತಿ.” ಅವನು ಕಿಸೆಯಿಂದ ಮಡಿಕೆ ಮಡಿಕೆ ಹರಿದ ಒಂದು ಕಾಗದ ತೆಗೆದ. “ನನ್ನ ಇಪ್ಪತ್ತೆರಡ ವರ್ಷದ ಸರ್ವಿಸ್ನ್ಯಾಗ ಇದ ಒಂದ ಮೆಮೋ. ಎಂಟ ದಿವಸ ಡಿಪೋದಾಗ ಕುಂದರಿಸಿದ್ರು. ಯಾರೋ ವೈರಿ ಅದಾನ ಅಂತ ತಿಳದಿದ್ದೆ. ಇವತ್ತ ಈ ಹುಡುಗ್ರು ಪಾಟಿ ತೋರಸ್ಯಾವು, ಗೆಳ್ಯಾ ಅಂತ ಬರದೀರಿ. ಯಾವದ ಖರೇರಿ, ಗುರುಗಳ?”

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಮಾಸ್ತರರಿಗೆ ಸುಲಭವಾಗುತ್ತಿತ್ತು. ಅಷ್ಟರಲ್ಲಿ ಸಿಮ್ರನ ಕಾಕಾನ ಕೈಯಲ್ಲಿದ್ದ ಕಾಗದ ಇಸಿದುಕೊಂಡಳು. ಕಂಡ ಕಾಗದವನ್ನೆಲ್ಲ ಓದಬೇಕು ಎಂದು ಕಲಿಸಿದವರು ಮಾಸ್ತರರೇ. ಒತ್ತಕ್ಷರ ಕಲಿತು ಇನ್ನೂ ತಿಂಗಳು ತುಂಬಿರಲಿಲ್ಲ, ಆ ಹುರುಪಿನಲ್ಲಿ ಎತ್ತರದ ದನಿಯಲ್ಲಿ ಓದಿದಳು: “ಸ-ಹ-ಶಿ-ಕ್ಷ-ಕ ಶ್ರೀ ಕೃ-ಷ್ಣಾ-ಜಿ ಕು-ಲ-ಕ-ರ್ಣಿ ಇವರ ಅರ್ಜಿಯ ಮೇರೆಗೆ...” ಒಂದು ಅಕ್ಷರವೂ ತಪ್ಪಲಿಲ್ಲ. ಅಷ್ಟು ಶುದ್ಧವಾಗಿ ಓದಿದ ಮಗುವನ್ನು ಮಾಸ್ತರರು ಅದಕ್ಕೂ ಮೊದಲು ಕಂಡಿರಲಿಲ್ಲ.

ರಸ್ತೆಯಲ್ಲಿ ಕಂಡಕ್ಟರ್ ಸತ್ಯಪ್ಪ ಸೀಟಿ ಊದತೊಡಗಿದ. ಫಕ್ರುಸಾಬ ಮಕ್ಕಳ ತಲೆ ಸವರಿ, “ಇದು ನಿಮ್ಮ ಬರಹದ ಫಲ ಗುರುಗಳ, ನಿಮ್ಮ ಹಂತೇಕ ಇರಲಿ,” ಎಂದು ಮೆಮೋ ಅಲ್ಲಿಯೇ ಬಿಟ್ಟು ಹೋದ.

ಮಾಸ್ತರರು ಒಳಗೆ ಬಂದು ಕುರ್ಚಿಯಲ್ಲಿ ಕುಳಿತರು. ಸಿಮ್ರನ ಹಲಗೆಯ ಹತ್ತಿರ ಹೋದಳು, ಬೆರಳ ತುದಿಯಲ್ಲಿ ನಿಂತಳು, ‘ಅವಗ’ ಎಂಬುದನ್ನು ಒರೆಸಿದಳು. ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಗುರುಗಳು ಗೆಳೆಯನಿಗೆ ಏನು ಮಾಡುತ್ತಾರೆ ಎಂಬುದು ಬರಬೇಕು, ಅದು ಈಗ ಗೊತ್ತಾಗಿತ್ತು. ದುಂಡಗೆ ಬರೆದಳು:

ನಾನು ಅವನ ಮ್ಯಾಲ ಅರ್ಜಿ ಬರದೇನಿ

ಮಾಸ್ತರರ ಕೈಯಲ್ಲಿ ಹಲಗೆ ಒರೆಸುವ ಬಟ್ಟೆ ಇತ್ತು. ಎದ್ದು ನಿಂತರು ಕೂಡ. ಆದರೆ ಸಾಲಿನಲ್ಲಿ ತಪ್ಪು ಇರಲಿಲ್ಲ. ತಪ್ಪಿಲ್ಲದ ಸಾಲನ್ನು ಅಳಿಸುವ ವಿದ್ಯೆಯನ್ನು ಅಜ್ಜ ಕಲಿಸಿರಲಿಲ್ಲ. ಬಟ್ಟೆ ಮೇಜಿನ ಮೇಲಿಟ್ಟು ಅವರು ಮತ್ತೆ ಕುಳಿತರು.

ಸಂಜೆಗೆ ಊರಿಗೆಲ್ಲ ತಿಳಿಯಿತು. ಮೂವತ್ತು ಮಕ್ಕಳು ಮೂವತ್ತು ಮನೆಗೆ ಕವಿತೆ ಒಯ್ದಿದ್ದರು, ತಿಳಿಯದೆ ಏನು? ರಾಮವ್ವ ಕಟ್ಟೆಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಎರಡ ವರ್ಷ ನನ್ನ ಸಂತಿ ತಪ್ಪಿಸಿದವರು ನೀವ ಏನ್ರಿ ಗುರುಗಳ? ಮತ್ತ ನಾ ನಿಮ್ಮ ಹಂತೇಕನ ಅರ್ಜಿ ಬರಸಾಕ ಬರತಿದ್ನೆಲ್ರಿ ಯವ್ವಾ!”

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ನಗು ತಡೆಯದಾಯಿತು. ಚಹಾದ ಅಂಗಡಿಯೂ ನಕ್ಕಿತು. ಮರುದಿನ ಮಾಸ್ತರರು ಅಲ್ಲಿಗೆ ಹೋದಾಗ ಯಾರೂ ಎದ್ದು ನಿಲ್ಲಲಿಲ್ಲ. ಮರ್ಯಾದೆ ಹೋಯಿತೆಂದು ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ದಿನ ರವಿವಾರ. ಮಾಡಿದ ತಪ್ಪನ್ನು ತಿದ್ದಬೇಕು ಎಂದು ಅವರು ನಿಶ್ಚಯಿಸಿದರು. ತಿದ್ದುವುದು ಹೇಗೆ? ಬೇರೆ ಯಾರಾದರೂ ಆಗಿದ್ದರೆ ಬೈಲಹೊಂಗಲದ ಬಸ್ಸು ಹತ್ತಿ, ಫಕ್ರುಸಾಬನ ಮನೆಗೆ ಹೋಗಿ, ತಪ್ಪಾತು ಮಾರಾಯಾ ಅಂದು, ಒಂದು ಕಪ್ಪು ಚಹಾ ಕುಡಿದು ಬರುತ್ತಿದ್ದರು. ಕೃಷ್ಣಾಜಿ ಮಾಸ್ತರರು ಶಾಯಿ ತುಂಬಿಕೊಂಡು ಡಿಪೋಕ್ಕೆ ಇನ್ನೊಂದು ಅರ್ಜಿ ಬರೆದರು. ಈ ಸಲ ಆರು ಪುಟ. ಸದರಿ ಚಾಲಕ ಮಹಾಶಯರು ಸಜ್ಜನರೆಂದೂ, ಹಾರ್ನಿನ ಅಭಾವದಿಂದ ಎರಡು ವರ್ಷ ಪ್ರಜೆಗಳು ಬಸ್ಸು ತಪ್ಪಿಸಿಕೊಂಡು ಬಳಲಿದ್ದಾರೆಂದೂ, ಹಾರ್ನನ್ನು ಪುನಃ ಪ್ರಾರಂಭಿಸದಿದ್ದಲ್ಲಿ ಮುಂದಿನ ಅನಾಹುತಕ್ಕೆ ತಾವೇ ಹೊಣೆಗಾರರೆಂದೂ ಬರೆದು, ಮರುದಿನ ರಿಜಿಸ್ಟರ್ ಮಾಡಿ ಕಳಿಸಿದರು. ರಾಧಾಬಾಯಿಯವರು ಬೇಡವೆಂದರು. ಹೆಂಡತಿಯ ಮಾತು ಕೇಳಿದ್ದರೆ ಅವರು ಪಂಡಿತರೇ ಆಗುತ್ತಿರಲಿಲ್ಲ.

ಮೂರು ವಾರ ಕಳೆದವು. ಹನ್ನೊಂದರ ಬಸ್ಸು ಸದ್ದಿಲ್ಲದೆ ಬಂದು ಶಾಲೆಯ ಮುಂದೆ ನಿಂತಿತು. ಫಕ್ರುಸಾಬ ಇಳಿದು ಬಂದ. ಮಾಸ್ತರರು ಎದುರಿಗೆ ಹೋದರು, ಮುಖದ ಮೇಲೆ ಉಪಕಾರ ಮಾಡಿದವರ ಕಳೆ.

“ಗುರುಗಳ, ಎರಡನೇದ್ದು ಬಂತ್ರಿ,” ಅಂದ ಫಕ್ರುಸಾಬ.

“ಏನು?”

“ಮೆಮೋ. ಎರಡ ವರ್ಷ ಯಾಕ ಹಾರ್ನ್ ಹೊಡೀಲಿಲ್ಲ, ಮಂದಿಗೆ ಯಾಕ ತ್ರಾಸ ಕೊಟ್ಟಿ ಅಂತ ಕೇಳ್ಯಾರ. ಮತ್ತ, ಮಾಸ್ತರಗ ಹೇಳಿ ನಿನ್ನ ಪರ ಅರ್ಜಿ ಯಾಕ ಬರಸಿದಿ ಅಂತಾನೂ ಕೇಳ್ಯಾರ.” ಅವನು ಎರಡೂ ಕೈ ಜೋಡಿಸಿದ. “ನಿಮ್ಮ ಕಾಲ ಬೀಳತೇನ್ರಿ. ನೀವು ವೈರಿ ಇದ್ದಾಗ ಒಂದ ಮೆಮೋ, ಗೆಳ್ಯಾ ಆದಮ್ಯಾಲ ಒಂದ ಮೆಮೋ. ಇನ್ನ ಅರ್ಜಿ ಬರೀಬ್ಯಾಡ್ರಿ. ನನ್ನ ಕೂಡ ಮಾತಾಡೂದಿದ್ರ ರಸ್ತಾಕ್ಕ ಬರ್ರಿ, ಬಾಯಿಲೆ ಮಾತಾಡ್ರಿ!”

ಆಗ ಆ ಐವತ್ತೆರಡು ವರ್ಷದ ಮನುಷ್ಯ, ಯಾವ ಅರ್ಜಿಯಲ್ಲೂ ಬರೆಯದ ಒಂದು ಮಾತು ಆಡಿದರು.

“ತಪ್ಪಾತು ಫಕ್ರುಸಾಬ. ಎರಡೂ ತಪ್ಪಾತು.”

ಹೇಳಿದ ಕೂಡಲೇ ಹಗುರವಾಯಿತು. ಇಷ್ಟು ಸಣ್ಣ ಮಾತಿಗೆ ಆರು ಪುಟ ಸುಟ್ಟೆನಲ್ಲ ಎಂದು ಅವರಿಗೆ ನಗು ಬಂತು, ಅವರ ನಗು ನೋಡಿ ಫಕ್ರುಸಾಬನಿಗೂ ಬಂತು. ನಗುತ್ತ ಅವನು ಮಾಸ್ತರರ ಹೆಗಲ ಮೇಲೆ ಕೈ ಹಾಕಿದ. ಸ್ಟೇರಿಂಗಿನ ಎಣ್ಣೆಯ ಕೈ. ಬಿಳಿ ಅಂಗಿಯ ಮೇಲೆ ಐದು ಬೆರಳೂ ಮೂಡಿದವು.

“ಅದೆಲ್ಲಾ ಇರಲಿ, ಈಗ ನಾ ಏನ ಮಾಡ್ಲಿ?” ಅಂದ ಫಕ್ರುಸಾಬ. “ಹಾರ್ನ್ ಹೊಡದ್ರ ಒಂದ ಮೆಮೋ, ಹೊಡೀದಿದ್ರ ಒಂದ ಮೆಮೋ.”

ಉತ್ತರ ಹೇಳಿದವನು ಬಾಗಿಲಲ್ಲಿ ನಿಂತಿದ್ದ ಅಮೋಘಸಿದ್ದಪ್ಪ.

“ಗುರುಗಳ್ರೀ, ಬಸ್ ದಿಬ್ಬಾ ಹತ್ತಿದ ಕೂಡ್ಲೆ ಸಾಲಿ ಗಂಟಿ ಹೊಡದ್ರ? ಗಂಟೀಗೂ ಮೆಮೋ ಬರತೈತೇನ್ರಿ?”

“ಇಲ್ಲಪ್ಪಾ, ಗಂಟೀಗೆ ಬರೂದಿಲ್ಲ,” ಅಂದರು ಮಾಸ್ತರರು.

ಮರುದಿನದಿಂದ ಅದೇ ಪದ್ಧತಿಯಾಯಿತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಒಂದು ಮಗು ಕಿಟಕಿಯಲ್ಲಿ ನಿಂತು ದಿಬ್ಬ ಕಾಯುವುದು. ಬಸ್ಸಿನ ತಲೆ ಕಂಡಿತೆಂದು ಕೂಗಿದರೆ ಮಾಸ್ತರರು ಷಟ್ಪದಿಯನ್ನು ನಡುಸಾಲಿನಲ್ಲಿ ಬಿಟ್ಟು ಹೊರಗೆ ಓಡಿ, ಬೇವಿನ ಮರಕ್ಕೆ ತೂಗುಹಾಕಿದ ಹಳಿಯ ತುಂಡನ್ನು ಢಣಢಣ ಬಾರಿಸುವುದು. ಪೋಂ ಎನ್ನುವುದಕ್ಕಿಂತ ಅದು ಹೆಚ್ಚು ಕರ್ಕಶ, ಪಾಠಕ್ಕೂ ಹೆಚ್ಚು ತೊಂದರೆ. ಆದರೆ ಈ ಸಲ ಅರ್ಜಿ ಬರೆಯುವವರು ಯಾರು? ರಾಮವ್ವ ಬುಟ್ಟಿ ಹೊತ್ತು ಓಡಿ ಬರುವಳು, ಫಕ್ರುಸಾಬ ಕೈ ಎತ್ತುವನು. ಅದು ಈಗ ಮಾಸ್ತರರಿಗೇ ಎತ್ತಿದ ಕೈ. ಸಿಮ್ರನ ಹಲಗೆಯ ಮೇಲಿನ ನಾಲ್ಕನೆಯ ಸಾಲು ಒರೆಸಿ, ‘ನಾನು ಗಂಟಿ ಬಾರಸತೇನಿ’ ಎಂದು ಬರೆದಳು. ಆಗ ಕವಿತೆ ಮುಗಿಯಿತು.

ದೀಪಾವಳಿಯ ನಂತರ ಬಂದ ಸುಚೇತಾ ಮೇಡಂ ಪುಸ್ತಕದ ಮೊದಲ ಪುಟ ಓದಿ ಬೆರಗಾದರು. ಗಂಟೆ ಎಂದರೆ ಅಂತರಂಗದ ಕರೆ, ಗೆಳೆತನದ ಪ್ರತೀಕ, ಎಷ್ಟು ಗಹನವಾಗಿದೆ ಅಂದರು.

“ಇಲ್ರಿ ಮೇಡಂ, ಗಂಟಿ ಅಂದ್ರ ಗಂಟಿ,” ಅಂದರು ಮಾಸ್ತರರು. “ಬಸ್ಸು ಬಂದ್ರ ಬಾರಸ್ತೀನಿ.” ಮೇಡಂ ಅದನ್ನು ಕವಿಯ ವಿನಯವೆಂದು ಬರೆದುಕೊಂಡರು.

ಮರುವರ್ಷ ತಾಲೂಕಿನ ಅಧಿಕಾರಿಯೊಬ್ಬರು ತಮ್ಮ ಜೀಪು ಕೆಟ್ಟು ಆ ಬಸ್ಸಿನಲ್ಲಿ ಹೋಗುವಾಗ, ಪಾಠದ ನಡುವೆ ಮಾಸ್ತರರೊಬ್ಬರು ಓಡಿ ಬಂದು ಗಂಟೆ ಬಾರಿಸುವುದನ್ನು ಕಂಡರು. ಕೃಷ್ಣಾಜಿ ಮಾಸ್ತರರಿಗೆ ಮೆಮೋ ಬಂತು: ವೇಳಾಪತ್ರಿಕೆಯಲ್ಲಿ ಇಲ್ಲದ ಗಂಟೆಯನ್ನು ಬಾರಿಸಿದ್ದೇಕೆ, ವಿವರಣೆ ಕೊಡಿ. ಅರ್ಜಿಯ ಮಲ್ಲ ಈಗ ಹತ್ತು ಪುಟಕ್ಕೆ ಕಮ್ಮಿ ಬರೆಯುವುದಿಲ್ಲ ಎಂದು ಊರವರು ತಿಳಿದರು. ಅವರು ಒಂದು ಹಾಳೆಯಲ್ಲಿ ಆ ನಾಲ್ಕು ಸಾಲಿನ ಕವಿತೆ ಬರೆದು, ಕೆಳಗೆ ರುಜು ಹಾಕಿ ಕಳಿಸಿದರು. ಅದಕ್ಕೆ ಉತ್ತರ ಬರಲಿಲ್ಲ. ಹೀಗಾಗಿ ಅವರ ಕವಿತೆ ಸರಕಾರದ ಕಡತ ಸೇರಿತು. ಮಹಾಕಾವ್ಯಕ್ಕೆ ಆ ಭಾಗ್ಯವೂ ಸಿಗಲಿಲ್ಲ.

ಮಾಸ್ತರರು ಮೆಮೋ ಒಯ್ದು ಹೆಮ್ಮೆಯಿಂದ ಬಸ್ಸಿನ ಕಿಟಕಿಯಲ್ಲಿ ಫಕ್ರುಸಾಬನಿಗೆ ತೋರಿಸಿದ್ದರು. ಅವನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟ.

“ನಂದು ಎರಡ ಅದಾವ್ರಿ ಗುರುಗಳ, ನಿಮ್ದು ಒಂದ. ಇನ್ನೊಂದ ಬರಲಿ, ಆಮ್ಯಾಲ ಸರಿಸಮ.”

ಆ ಇನ್ನೊಂದು ಬರಲಿಲ್ಲ. ೨೦೦೧ರಲ್ಲಿ ಫಕ್ರುಸಾಬ ನಿವೃತ್ತನಾದ. ಎರಡು ವರ್ಷದ ಮೇಲೆ ಮಾಸ್ತರರ ಸರದಿ. ಶಾಲೆಯ ಅಂಗಳದಲ್ಲಿ ಪೆಂಡಾಲು, ಶಾಲು, ಹಾರ. ಅಧ್ಯಕ್ಷರಾಗಿ ತಾಲೂಕಿನ ಹೊಸ ಸಾಹೇಬರು ಬಂದಿದ್ದರು. ಸಾಹೇಬರು ಕೃಷ್ಣಾಜಿಯವರ ಶಿಸ್ತಿನ ಮೇಲೆ ಭಾಷಣ ಮಾಡುತ್ತಿದ್ದಾಗ, ಮುಂದೆ ಕುಳಿತ ಒಂದು ಮಗು ದಿಬ್ಬದ ಕಡೆ ಬೆರಳು ತೋರಿಸಿತು. ಸತ್ಕಾರಮೂರ್ತಿಗಳು ಹಾರ ಹಾಕಿಕೊಂಡೇ ಎದ್ದು ಓಡಿದರು. ಢಣಢಣ ಸದ್ದಿನಲ್ಲಿ ಭಾಷಣ ಮುಳುಗಿತು. ಬಸ್ಸು ಬಂದು ನಿಂತಿತು. ಡ್ರೈವರ್ ಹೊಸ ಹುಡುಗ, ಮುಂದಿನ ಸೀಟಿನಿಂದ ಕೈ ಎತ್ತುತ್ತ ಇಳಿದವನು ಫಕ್ರುಸಾಬ.

ಸಾಹೇಬರ ಮುಖ ಕೆಂಪಾಯಿತು. “ಏನ್ರೀ ಇದು! ನಿಮಗೊಂದು ಮೆಮೋ ಕೊಡಬೇಕಾಗ್ತದ ನೋಡ್ರಿ!”

“ಕೊಡ್ರಿ ಸಾಹೇಬ್ರ, ಲಗೂನ ಕೊಡ್ರಿ!” ಎಂದು ಪೆಂಡಾಲಿನ ಬಾಗಿಲಿನಿಂದ ಫಕ್ರುಸಾಬ ಕೂಗಿದ. “ಸಂಜಿ ಐದಕ್ಕ ರಿಟೈರ್ ಆಗತಾರ, ಆಮ್ಯಾಲ ಕೊಡಾಕ ಬರೂದಿಲ್ಲ!”

ಊರೆಲ್ಲ ನಕ್ಕಿತು. ಕೃಷ್ಣಾಜಿ ಮಾಸ್ತರರು ಗಂಟೆಯ ಸುತ್ತಿಗೆ ಕೈಯಲ್ಲಿ ಹಿಡಿದುಕೊಂಡೇ ಸಾಹೇಬರ ಮುಖವನ್ನು ಆಸೆಯಿಂದ ನೋಡುತ್ತ ನಿಂತರು. ಸಾಹೇಬರು ಕೊಡಲಿಲ್ಲ.